ಬಾಡಿಗೆದಾರರ ಸ್ಮಾರಕ

ಲಂಡನ್ನಿನ ಮೇಫೇರ್ ಬಡಾವಣೆಯಲ್ಲಿ ಬ್ರೂಕ್ ಸ್ಟ್ರೀಟ್ ಎಂಬ ಬೀದಿಯಿದೆ. ಅಲ್ಲಿ ಅಕ್ಕಪಕ್ಕದ ಎರಡು ಮನೆಗಳ ಗೋಡೆಗೆ ಹರಿವಾಣದಗಲದ ಒಂದೊಂದು ನೀಲಿ ಫಲಕ ಕೂರಿಸಿದ್ದಾರೆ. 25ನೇ ನಂಬರಿನ ಮನೆಯ ಫಲಕದಲ್ಲಿ ಜಾರ್ಜ್ ಫ್ರಿಡರಿಕ್ ಹ್ಯಾಂಡೆಲ್ ಹೆಸರಿದೆ. 23ನೇ ನಂಬರಿನದರಲ್ಲಿ ಜಿಮಿ ಹೆಂಡ್ರಿಕ್ಸ್ ಹೆಸರು. ಒಬ್ಬ ಇಂಗ್ಲೆಂಡಿನ ಅರಸರ ಪಟ್ಟಾಭಿಷೇಕಕ್ಕೆ ಸಂಗೀತ ಕಟ್ಟಿಕೊಟ್ಟವನು. ಇನ್ನೊಬ್ಬ ಗಿಟಾರನ್ನು ಹಲ್ಲಿನಲ್ಲಿ ನುಡಿಸಿದವನು, ಮನಸ್ಸು ಬಂದಾಗ ಅದಕ್ಕೆ ವೇದಿಕೆಯ ಮೇಲೇ ಬೆಂಕಿ ಇಟ್ಟವನು. ಇಬ್ಬರ ನಡುವೆ ಇರುವುದು ಒಂದು ಇಟ್ಟಿಗೆ ಗೋಡೆ ಮತ್ತು ಇನ್ನೂರು ಚಿಲ್ಲರೆ ವರ್ಷ. ಇಬ್ಬರಿಗೂ ಹೊಂದುವ ಸಂಗತಿ ಎರಡೇ. ಇಬ್ಬರೂ ಬೇರೆ ದೇಶದಿಂದ ಬಂದವರು, ಇಬ್ಬರೂ ಬಾಡಿಗೆಗೆ ಇದ್ದವರು.

ಮೊದಲನೆಯ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ನನ್ನ ತಕರಾರು ಶುರುವಾಗುವುದು ಅಲ್ಲಿಂದ.

ವಲಸೆ ಬಂದ ಕಲಾವಿದರ, ಸಂಗೀತಗಾರರ ಮನೆಗಳನ್ನು ಕಾಪಾಡಬೇಕು, ಮ್ಯೂಸಿಯಂ ಮಾಡಬೇಕು, ಕೆಡವಬಾರದು ಎಂಬ ಮಾತಿಗೆ ಈಗ ಎದುರು ಮಾತಿಲ್ಲ. ಯಾವ ಊರಲ್ಲೇ ಆಗಲಿ, ಹಳೆಯ ಮನೆಯೊಂದರ ಮುಂದೆ ಜೆಸಿಬಿ ನಿಂತರೆ ನಾಲ್ಕು ಜನ ಸೇರಿ ಮನವಿ ಬರೆಯುತ್ತಾರೆ, ಪತ್ರಿಕೆಯವರು ಫೋಟೋ ಹಾಕುತ್ತಾರೆ, ಮಂತ್ರಿಗಳು ಭರವಸೆ ಕೊಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಅಂಥ ಮನವಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಆದರೂ ಈಚೀಚೆಗೆ ಒಂದು ಅನುಮಾನ ಕಾಡುತ್ತಿದೆ. ಪರದೇಶಿ ಕಲಾವಿದ ಇದ್ದು ಹೋದ ಮನೆಯನ್ನು ಜತನ ಮಾಡುವ ಉಮೇದಿನಲ್ಲಿ, ಅಂಥವನೊಬ್ಬ ಅಲ್ಲಿಗೆ ಬಂದು ಇರುವುದಕ್ಕೆ ಆದದ್ದು ಹೇಗೆ ಎಂಬುದನ್ನೇ ನಾವು ಮರೆಯುತ್ತಿದ್ದೇವೆಯೇ?

ಹ್ಯಾಂಡೆಲ್ ಹುಟ್ಟಿದ್ದು 1685ರಲ್ಲಿ, ಜರ್ಮನಿಯ ಹಾಲೆ ಊರಿನಲ್ಲಿ. ಲಂಡನ್ನಿಗೆ ಮೊದಲು ಬಂದದ್ದು 1710ರಲ್ಲಿ. ಬ್ರೂಕ್ ಸ್ಟ್ರೀಟಿನ ಮನೆ ಹಿಡಿದದ್ದು 1723ರಲ್ಲಿ. ಆಗಷ್ಟೇ ಕಟ್ಟಿ ಮುಗಿದಿದ್ದ ಆ ಮನೆಗೆ ಅವನೇ ಮೊದಲ ಒಕ್ಕಲು. ಪರದೇಶದವರು ಸ್ವಂತಕ್ಕೆ ಮನೆ ಕೊಳ್ಳಲು ಆಗಿನ ಕಾನೂನು ಬಿಡುತ್ತಿರಲಿಲ್ಲ. 1727ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅವನು ಬ್ರಿಟಿಷ್ ಪ್ರಜೆಯಾದ. ಅಷ್ಟು ಹೊತ್ತಿಗೆ ಅವನ ಕೈಯಲ್ಲಿ ದುಡ್ಡೂ ಇತ್ತು, ಹೆಸರೂ ಇತ್ತು. ಆದರೂ ಕೊಳ್ಳುವ ಗೋಜಿಗೆ ಹೋಗಲಿಲ್ಲ. 1759ರ ಏಪ್ರಿಲ್ 14ರಂದು ಅದೇ ಮನೆಯಲ್ಲಿ ಕಣ್ಣು ಮುಚ್ಚುವವರೆಗೆ, ಒಟ್ಟು 36 ವರ್ಷ, ಬಾಡಿಗೆ ಕಟ್ಟಿಕೊಂಡೇ ಇದ್ದ. ‘ಮೆಸ್ಸಯಾ’ ಎಂಬ ಜಗದ್ವಿಖ್ಯಾತ ಕೃತಿಯನ್ನು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರವರೆಗೆ, 24 ದಿನಗಳಲ್ಲಿ ಬರೆದು ಮುಗಿಸಿದ್ದು ಆ ಬಾಡಿಗೆ ಮನೆಯಲ್ಲೇ.

ಇಂಥಲ್ಲಿ ಸ್ಥಾವರ–ಜಂಗಮದ ಮಾತನ್ನು ಎಳೆದು ತರುವ ಆಸೆ ಕನ್ನಡದಲ್ಲಿ ಬರೆಯುವ ಯಾರಿಗಾದರೂ ಆಗುತ್ತದೆ. ಕಲಾವಿದ ಜಂಗಮ, ಅವನಿಗೆ ಮನೆಯ ಹಂಗೇಕೆ ಎಂದುಬಿಟ್ಟರೆ ಲೇಖನ ಅರ್ಧ ಮುಗಿದ ಹಾಗೆ. ಆದರೆ ಅದು ನಿಜವಲ್ಲ. ಹುಟ್ಟಿದೂರು ಬಿಟ್ಟವನಿಗೆ ಮನೆಯ ಹಂಬಲ ಊರಲ್ಲೇ ಇದ್ದವನಿಗಿಂತ ಹೆಚ್ಚು. 36 ವರ್ಷ ಒಂದೇ ಸೂರಿನಡಿ ಇದ್ದವನನ್ನು ಅಲೆಮಾರಿ ಎಂದು ಕರೆಯಲು ಬರುವುದಿಲ್ಲ. ಅವನಿಗೆ ಮನೆ ಬೇಕಿತ್ತು. ಅವನು ಯಾರು, ಎಲ್ಲಿಯವನು, ದಿನಕ್ಕೆಷ್ಟು ಗಂಟೆ ಹಾರ್ಪ್ಸಿಕಾರ್ಡ್ ನುಡಿಸುತ್ತಾನೆ ಎಂದು ಕೇಳದೆ ಬಾಡಿಗೆಗೆ ಕೊಟ್ಟ ಮನೆ ಸಿಕ್ಕಿತು.

ಅಭ್ಯಾಸದ ಸದ್ದಿಗೆ ನೆರೆಯವರು ಏನೆಂದುಕೊಂಡರು? ಒಬ್ಬಾಕೆಯ ವಿಷಯವಂತೂ ಗೊತ್ತು. 1735ರಲ್ಲಿ ‘ಅಲ್ಚೀನಾ’ ಎಂಬ ಅವನ ಹೊಸ ಆಪೆರಾದ ಮೊದಲ ತಾಲೀಮು ಆ ಮನೆಯಲ್ಲಿಯೇ ನಡೆದಾಗ, ಅದೇ ಬೀದಿಯ ಮೇರಿ ಪೆಂಡಾರ್ವಿಸ್ ಅಲ್ಲಿ ಕೂತು ಕೇಳಿದರು. ಆಮೇಲೆ ಮನೆಯವರಿಗೆ ಬರೆದ ಕಾಗದದಲ್ಲಿ, ಅವನು ಹಾರ್ಪ್ಸಿಕಾರ್ಡ್ ಮುಂದೆ ಕೂತರೆ ಮಾಟಗಾರನ ಹಾಗೆ ಕಾಣುತ್ತಾನೆ ಎಂಬರ್ಥದಲ್ಲಿ ಹೊಗಳಿದ್ದಾರೆ. ಪಕ್ಕದ ಮನೆಯ ಗಲಾಟೆಯ ಬಗ್ಗೆ ಕಾಗದ ಬರೆಯುವವರು ಸಾಮಾನ್ಯವಾಗಿ ಅದನ್ನು ಓನರಿಗೆ ಬರೆಯುತ್ತಾರೆ.

ಈಗ 23ನೇ ನಂಬರಿಗೆ ಬರೋಣ. ಹೆಂಡ್ರಿಕ್ಸ್ ಅಮೆರಿಕದ ಸಿಯಾಟಲ್‌ನವನು. 1966ರ ಸೆಪ್ಟೆಂಬರ್ 24ರಂದು ಲಂಡನ್ನಿಗೆ ಬಂದಿಳಿದ. ತನ್ನ ದೇಶದಲ್ಲಿ ಇನ್ನೊಬ್ಬರ ಹಿಂದೆ ನಿಂತು ನುಡಿಸುತ್ತಿದ್ದ ಕಪ್ಪು ಹುಡುಗ ಇಲ್ಲಿ ಕೆಲವೇ ತಿಂಗಳಲ್ಲಿ ಮನೆಮಾತಾದ. 1968ರಲ್ಲಿ ಅವನ ಗೆಳತಿ ಕ್ಯಾಥಿ ಎಚಿಂಗಮ್ ಪತ್ರಿಕೆಯ ಜಾಹೀರಾತು ನೋಡಿ ಬ್ರೂಕ್ ಸ್ಟ್ರೀಟಿನ ಮೇಲಂತಸ್ತಿನ ಫ್ಲ್ಯಾಟ್ ಹುಡುಕಿದರು. ವಾರಕ್ಕೆ 30 ಪೌಂಡ್ ಬಾಡಿಗೆ, ಕೆಳಗಡೆ ಒಂದು ರೆಸ್ಟೊರೆಂಟ್. ಹೆಂಡ್ರಿಕ್ಸ್ ಹತ್ತಿರದ ಆಕ್ಸ್‌ಫರ್ಡ್ ಸ್ಟ್ರೀಟಿಗೆ ಹೋಗಿ ಪರದೆ, ದಿಂಬುಗಳನ್ನು ತಾನೇ ಆರಿಸಿ ತಂದ. ತನ್ನದು ಎಂದು ಹೇಳಿಕೊಳ್ಳಬಹುದಾದ ಮೊದಲ ಮನೆ ಇದು ಎಂಬ ಹಿಗ್ಗು ಅವನಿಗೆ. ಹೋಟೆಲ್ಲಿನಿಂದ ಹೋಟೆಲ್ಲಿಗೆ ಅಲೆದವನಿಗೆ ಪರದೆಯ ಬಣ್ಣ ತನ್ನಿಷ್ಟದ್ದಾಗಿರುವುದೇ ದೊಡ್ಡ ಸಂಗತಿ.

ಪಕ್ಕದ ಮನೆಯಲ್ಲಿ ಹ್ಯಾಂಡೆಲ್ ಇದ್ದನೆಂದು ತಿಳಿದಾಗ ಅವನು ರೆಕಾರ್ಡ್ ಅಂಗಡಿಗೆ ಹೋಗಿ ಹ್ಯಾಂಡೆಲ್‌ನ ಸಂಗೀತ ಕೊಂಡು ತಂದ. ‘ಮೆಸ್ಸಯಾ’ ಅದರಲ್ಲೊಂದು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಕಣ್ಣಿಗೆ ಕಟ್ಟುವ ದೃಶ್ಯ ಇದು: ತನ್ನ ಕಾಲದ ಅತಿ ಅಬ್ಬರದ ಗಿಟಾರ್ ವಾದಕ ಕಂಕುಳಲ್ಲಿ ಹ್ಯಾಂಡೆಲ್‌ನ ರೆಕಾರ್ಡ್ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಾನೆ.

ಆ ಹೊತ್ತಿನಲ್ಲಿ ಬ್ರೂಕ್ ಸ್ಟ್ರೀಟಿನ ಆ ಮನೆಗಳು ಮ್ಯೂಸಿಯಂ ಆಗಿರಲಿಲ್ಲ. ಸಾಧಾರಣ ವ್ಯಾಪಾರದ ಬೀದಿಯಲ್ಲಿ ಸಾಧಾರಣವಾಗಿ ಬಾಡಿಗೆಗೆ ಹೋಗುತ್ತಿದ್ದ ಕಟ್ಟಡಗಳು ಅವು. ಹ್ಯಾಂಡೆಲ್‌ನ ನೆನಪಿಗೆ ಅಂತ ಇದ್ದದ್ದು ಗೋಡೆಯ ಮೇಲಿನ ಒಂದು ಫಲಕ. ಪುಣ್ಯಾತ್ಮರು ಯಾರಾದರೂ ಆ ಮೊದಲೇ ಅಕ್ಕಪಕ್ಕದ ಮನೆಗಳನ್ನೆಲ್ಲ ಕೊಂಡು, ಗಾಜಿನ ಪೆಟ್ಟಿಗೆಗಳನ್ನಿಟ್ಟು, ಸಂಜೆ ಐದಕ್ಕೆ ಬೀಗ ಹಾಕುವ ವ್ಯವಸ್ಥೆ ಮಾಡಿದ್ದರೆ ಹೆಂಡ್ರಿಕ್ಸ್ ಅಲ್ಲಿ ಟಿಕೆಟ್ ಕೊಂಡು ಒಳಹೋಗುವ ಪ್ರವಾಸಿಯಾಗಿರುತ್ತಿದ್ದ, ಒಕ್ಕಲಾಗಿರುತ್ತಿರಲಿಲ್ಲ. ಫಲಕ ಹೊಸಬನಿಗೆ ಹಳಬನ ಸುದ್ದಿ ಮುಟ್ಟಿಸಿತು. ತೆರೆದ ಬಾಗಿಲು ಹೊಸಬನನ್ನು ಒಳಗೆ ಬಿಟ್ಟುಕೊಂಡಿತು. ಒಂದು ಊರು ಪರದೇಶಿ ಕಲಾವಿದರಿಗೆ ಮಾಡಬಹುದಾದ ಉಪಕಾರ ಇಷ್ಟೇ ಎನ್ನಿಸುತ್ತದೆ. ಇದಕ್ಕೆ ಅಂಥ ಖರ್ಚೂ ಇಲ್ಲ.

ಲಂಡನ್ನಿನಲ್ಲಿ ಈ ಫಲಕಗಳ ಯೋಜನೆ ಮೊದಲಾದದ್ದು 1866ರಲ್ಲಿ. ಮೊತ್ತಮೊದಲ ಫಲಕ ಹಾಕಿದ್ದು 1867ರಲ್ಲಿ, ಕವಿ ಬೈರನ್ ಹುಟ್ಟಿದ ಮನೆಗೆ. ಆ ಮನೆಯನ್ನು 1889ರಲ್ಲಿ ಕೆಡವಿದರು, ಫಲಕವೂ ಅದರೊಂದಿಗೆ ಹೋಯಿತು. ಉಳಿದಿರುವವುಗಳಲ್ಲಿ ಅತಿ ಹಳೆಯದೂ 1867ರದ್ದೇ, ಮೂರನೇ ನೆಪೋಲಿಯನ್ ಫ್ರಾನ್ಸಿನಿಂದ ದೇಶಭ್ರಷ್ಟನಾಗಿ ಬಂದು ತಂಗಿದ್ದ ಮನೆಯದು. ಅಲ್ಲಿಗೆ, ಇಂದಿಗೂ ನೋಡಸಿಗುವ ಮೊದಲ ಫಲಕ ಒಬ್ಬ ವಲಸಿಗನದೇ ಆಯಿತು. ಬೈರನ್ ಮನೆ ಹೋದದ್ದರಿಂದ ಬೈರನ್ ಹೋಗಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಇಂದು ಬ್ರೂಕ್ ಸ್ಟ್ರೀಟಿನ ಎರಡೂ ಮನೆ ಸೇರಿ ಒಂದು ಮ್ಯೂಸಿಯಂ. ಹ್ಯಾಂಡೆಲ್ ಭಾಗ 2001ರಲ್ಲಿ ತೆರೆಯಿತು, ಹೆಂಡ್ರಿಕ್ಸ್ ಫ್ಲ್ಯಾಟ್ 2016ರಲ್ಲಿ. ದುರಸ್ತಿಯಾಗಿ 2023ರಲ್ಲಿ ಎರಡೂ ಮತ್ತೆ ತೆರೆದವು. ಹೆಂಡ್ರಿಕ್ಸ್ ಮಲಗುತ್ತಿದ್ದ ಕೋಣೆಯನ್ನು ಹಳೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡು, ಎಚಿಂಗಮ್ ಅವರ ನೆನಪನ್ನು ಕೇಳಿಕೊಂಡು ಮರಳಿ ಕಟ್ಟಿದ್ದಾರೆ. ಪರದೆ, ರತ್ನಗಂಬಳಿ, ಸಿಗರೇಟಿನ ಬೂದಿಬಟ್ಟಲು ಎಲ್ಲವೂ ಅಂದಿನವುಗಳ ಹಾಗೇ ಇವೆ. ಅಂದಿನದೇ ಆಗಿ ಉಳಿದದ್ದು ಗೋಡೆಯ ಒಂದು ಕನ್ನಡಿ. ಹ್ಯಾಂಡೆಲ್‌ನ ಸಾಮಾನುಗಳ ಕತೆಯೂ ಹೀಗೇ. ಅವನು ಸತ್ತ ಮೇಲೆ ಮನೆಯ ಪಾತ್ರೆ–ಪಡಗ, ಹಾಸಿಗೆ–ಕುರ್ಚಿಗಳ ಪಟ್ಟಿ ಮಾಡಿದರು. ಅವನ ಸೇವಕ ಜಾನ್ ಡ್ಯು ಬರ್ಕ್ ಆ ಸಾಮಾನುಗಳನ್ನು ಕೊಂಡು, ಬಾಡಿಗೆ ಕರಾರನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡು ಅದೇ ಮನೆಯಲ್ಲಿ ಮುಂದುವರಿದ. ಸಾಮಾನು ಕಾಲಕ್ರಮದಲ್ಲಿ ಚೆದುರಿತು, ಪಟ್ಟಿ ಉಳಿಯಿತು. ಈಗ ನಾವು ನೋಡುವ ಕೆಂಪು ಪರದೆಯ ಮಂಚ ಆ ಪಟ್ಟಿಯನ್ನು ಓದಿ ಅಣಿ ಮಾಡಿದ್ದು.

ಇದರಲ್ಲಿ ಮೋಸವಿಲ್ಲ. ಮ್ಯೂಸಿಯಂನವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೆ ‘ಮನೆ ಉಳಿಸಿದೆವು’ ಎಂದು ನಾವು ಹೇಳುವಾಗ ಉಳಿಸಿದ್ದು ಏನನ್ನು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಗೋಡೆ, ಮೆಟ್ಟಿಲು, ನೆಲಹಾಸಿನ ಹಲಗೆ ಉಳಿದವು. ಇನ್ನುಳಿದದ್ದು ಶ್ರದ್ಧೆಯಿಂದ ಕಟ್ಟಿದ ಸೆಟ್. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾಗುವವನು ಡ್ಯು ಬರ್ಕ್. ಯಜಮಾನ ಸತ್ತ ಮನೆಯಲ್ಲಿ ಅವನು ದೀಪ ಆರಲು ಬಿಡಲಿಲ್ಲ, ಬಾಡಿಗೆ ಕಟ್ಟುತ್ತ ಹೋದ.

ಇನ್ನು ಕಷ್ಟದ ಪ್ರಕರಣಕ್ಕೆ ಬರುತ್ತೇನೆ. ಬೊಹಿಮಿಯಾದ, ಅಂದರೆ ಇಂದಿನ ಚೆಕ್ ದೇಶದ, ಆಂಟೊನಿನ್ ಡ್ವೊರ್ಜಾಕ್ 1892ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದ. ಜೆನೆಟ್ ಥರ್ಬರ್ ಎಂಬ ಹೆಣ್ಣುಮಗಳು ಕಟ್ಟಿದ್ದ ಸಂಗೀತ ಶಾಲೆಗೆ ನಿರ್ದೇಶಕನಾಗಿ, ವರ್ಷಕ್ಕೆ 15,000 ಡಾಲರ್ ಸಂಬಳಕ್ಕೆ. ಅಂದಿನ ಲೆಕ್ಕದಲ್ಲಿ ಕಣ್ಣು ಕುಕ್ಕುವ ಮೊತ್ತ. ಸಂಸಾರದೊಂದಿಗೆ ಅವನು ಬಿಡಾರ ಹೂಡಿದ್ದು ಪೂರ್ವ 17ನೇ ಬೀದಿಯ 327ನೇ ನಂಬರಿನ ಮನೆಯಲ್ಲಿ. ಶಾಲೆ ಅದೇ ಬೀದಿಯಲ್ಲಿ, ನಡೆದು ಹೋಗುವಷ್ಟು ದೂರ. ಕಪ್ಪು ವಿದ್ಯಾರ್ಥಿಗಳಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದ್ದ ಶಾಲೆ ಅದು. ಹ್ಯಾರಿ ಬರ್ಲಿ ಎಂಬ ಕಪ್ಪು ವಿದ್ಯಾರ್ಥಿ ತನ್ನ ಅಜ್ಜನಿಂದ ಕಲಿತಿದ್ದ ಹಾಡುಗಳನ್ನು, ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು, ಡ್ವೊರ್ಜಾಕನಿಗೆ ಹಾಡಿ ಕೇಳಿಸುತ್ತಿದ್ದ. 1893ರ ಮೊದಲ ತಿಂಗಳುಗಳಲ್ಲಿ ಆ ಮನೆಯಲ್ಲಿ ಬರೆದ ಒಂಬತ್ತನೇ ಸಿಂಫನಿ ‘ಹೊಸ ಜಗತ್ತಿನಿಂದ’ ಎಂಬ ಹೆಸರಿನಲ್ಲಿ ಅದೇ ವರ್ಷದ ಡಿಸೆಂಬರ್ 16ರಂದು ಕಾರ್ನೆಗಿ ಹಾಲ್‌ನಲ್ಲಿ ಮೊದಲ ಪ್ರಯೋಗ ಕಂಡಿತು.

1991ಕ್ಕೆ ಬರುವ ಹೊತ್ತಿಗೆ ಮನೆ ಪಕ್ಕದ ಆಸ್ಪತ್ರೆಯ ಒಡೆತನದಲ್ಲಿತ್ತು. ಏಡ್ಸ್ ನ್ಯೂಯಾರ್ಕಿನ ಹರೆಯದವರನ್ನು ಸಾಲುಸಾಲಾಗಿ ಕೊಂಡೊಯ್ಯುತ್ತಿದ್ದ ಕಾಲ ಅದು. ರೋಗ ಅಂಟಿದವರಿಗೆ ಬಾಡಿಗೆ ಮನೆ ಸಿಗುತ್ತಿರಲಿಲ್ಲ, ಹಲವರಿಗೆ ಹೆತ್ತವರ ಮನೆಯ ಬಾಗಿಲೂ ಮುಚ್ಚಿತ್ತು. ಅಂಥವರಿಗೊಂದು ಆರೈಕೆ ಮನೆ ಕಟ್ಟಲು ಆಸ್ಪತ್ರೆಗೆ ಆ ಜಾಗ ಬೇಕಿತ್ತು. ಪಾರಂಪರಿಕ ಕಟ್ಟಡಗಳ ಆಯೋಗ ಫೆಬ್ರುವರಿಯಲ್ಲಿ ಡ್ವೊರ್ಜಾಕ್ ಮನೆಗೆ ರಕ್ಷಣೆ ಘೋಷಿಸಿತು. ಜೆಕೊಸ್ಲೊವಾಕಿಯಾದ ಅಧ್ಯಕ್ಷ ವಾಕ್ಲಾವ್ ಹಾವೆಲ್ ಕೂಡ ಮನೆ ಉಳಿಸಿ ಎಂದು ಕೇಳಿಕೊಂಡರು. ಆದರೆ ಕೆಲವೇ ತಿಂಗಳಲ್ಲಿ ನಗರ ಸಭೆ ಆ ರಕ್ಷಣೆಯನ್ನು ರದ್ದು ಮಾಡಿತು. ಮನೆ ಬಿತ್ತು. ಅಲ್ಲಿ ಎದ್ದ ಆರೈಕೆ ಕೇಂದ್ರಕ್ಕೆ ಎರಡು ವರ್ಷದ ಹಿಂದೆ ಏಡ್ಸ್‌ನಿಂದಲೇ ತೀರಿಕೊಂಡಿದ್ದ ಛಾಯಾಗ್ರಾಹಕ ರಾಬರ್ಟ್ ಮೇಪಲ್‌ಥಾರ್ಪ್ ಹೆಸರಿಟ್ಟರು.

ಸಂಗೀತಪ್ರೇಮಿಗಳು ಇದನ್ನು ಇಂದಿಗೂ ನೊಂದುಕೊಂಡು ಹೇಳುತ್ತಾರೆ. ಅವರ ನೋವು ಸುಳ್ಳಲ್ಲ. ಆದರೆ ನಾನು ಆ ನಗರ ಸಭೆಯಲ್ಲಿ ಕೂತಿದ್ದರೆ ಯಾವ ಕಡೆಗೆ ಕೈ ಎತ್ತುತ್ತಿದ್ದೆ ಎಂದು ಹಲವು ಸಲ ಯೋಚಿಸಿದ್ದೇನೆ. ಕೆಡವುವ ಕಡೆಗೇ ಎತ್ತುತ್ತಿದ್ದೆ ಅನ್ನಿಸುತ್ತದೆ. ದೂರದಿಂದ ಬಂದವನೊಬ್ಬನಿಗೆ ಆ ಜಾಗ ಮೂರು ವರ್ಷ ಸೂರು ಕೊಟ್ಟಿತ್ತು. ನೂರು ವರ್ಷದ ಬಳಿಕ ಯಾರೂ ಸೂರು ಕೊಡದವರಿಗೆ ಸೂರು ಕೊಟ್ಟಿತು. ಇಟ್ಟಿಗೆ ಬದಲಾಯಿತು, ಜಾಗದ ನಡತೆ ಬದಲಾಗಲಿಲ್ಲ. ಇನ್ನು ಸಿಂಫನಿಯ ಮಾತು. ಬರ್ಲಿಯ ದನಿ ಗೋಡೆಯಲ್ಲಿ ಉಳಿದಿರಲಿಲ್ಲ, ಡ್ವೊರ್ಜಾಕನ ಕಿವಿಗೆ ಹೋಗಿ ಅಲ್ಲಿಂದ ಜಗತ್ತಿಗೆ ಹೋಗಿತ್ತು. ಮನೆಯ ಅಗ್ಗಿಷ್ಟಿಕೆಯ ಕಟ್ಟನ್ನು ಜೋಪಾನವಾಗಿ ತೆಗೆದು ನಗರದ ಚೆಕ್ ಜನರ ಸಭಾಭವನದಲ್ಲಿ ಇಟ್ಟಿದ್ದಾರೆ. ಎದುರಿನ ಉದ್ಯಾನದಲ್ಲಿ ಅವನ ಪ್ರತಿಮೆ ನಿಂತಿದೆ. ಬೀದಿಗೂ ಅವನ ಹೆಸರಿದೆ.

‘ಹಾಗಿದ್ದರೆ ಎಲ್ಲವನ್ನೂ ಕೆಡವಿ ಎನ್ನುತ್ತೀರಾ?’ ಎಂದು ಯಾರಾದರೂ ಕೇಳಬಹುದು. ಇಲ್ಲ. ಆರೈಕೆ ಮನೆಯ ಜಾಗದಲ್ಲಿ ಐಷಾರಾಮಿ ಅಪಾರ್ಟ್‌ಮೆಂಟ್ ಬರುವುದಿದ್ದರೆ ನಾನು ಹಾವೆಲ್ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಮನೆಯೇ ಒಂದು ವಿಷಯವನ್ನು ಕಲಿಸುವ ಸಂದರ್ಭಗಳೂ ಇವೆ. ಹ್ಯಾಂಡೆಲ್ ತಾಲೀಮು ನಡೆಸುತ್ತಿದ್ದ ಮೊದಲ ಮಹಡಿಯ ಕೋಣೆ ಅಷ್ಟೇನೂ ದೊಡ್ಡದಲ್ಲ. ಅಲ್ಲಿ ಇಂದಿಗೂ ಹಾರ್ಪ್ಸಿಕಾರ್ಡ್ ಕಛೇರಿಗಳು ನಡೆಯುತ್ತವೆ. ಸಾವಿರಾರು ಜನರ ಸಭಾಂಗಣದಲ್ಲಿ ನಾವು ಕೇಳುವ ಸಂಗೀತ ಇಷ್ಟು ಚಿಕ್ಕ ಕೋಣೆಯಲ್ಲಿ, ಪಕ್ಕದವರ ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ ಮೊದಲು ಹುಟ್ಟಿತು ಎಂಬುದು ಪುಸ್ತಕದಿಂದ ತಿಳಿಯುವ ಮಾತಲ್ಲ. ಇಂಥ ಕೋಣೆ ಉಳಿಯಬೇಕು. ಅದು ಉಳಿಯಬೇಕಾದದ್ದು ಅಲ್ಲಿ ಇನ್ನೂ ನುಡಿಸುತ್ತಾರೆಂಬ ಕಾರಣಕ್ಕೆ.

ಇನ್ನೊಂದು ಮಾದರಿಯೂ ಲಂಡನ್ನಿನಲ್ಲೇ ಇದೆ. ವಿನ್ಸೆಂಟ್ ವ್ಯಾನ್ ಗೋ 1873ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಹಾಲೆಂಡಿನಿಂದ ಬಂದು ಚಿತ್ರವ್ಯಾಪಾರದ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಆಗ ಹ್ಯಾಕ್‌ಫರ್ಡ್ ರೋಡಿನ 87ನೇ ನಂಬರಿನ ಮನೆಯಲ್ಲಿ ಒಂದು ರೂಮು ಹಿಡಿದಿದ್ದ. ಇನ್ನೂ ಚಿತ್ರಕಾರನಾಗಿರಲಿಲ್ಲ. ಆ ಮನೆ ಯಾವುದೆಂದು ಲೋಕ ಮರೆತೇ ಹೋಗಿತ್ತು. 1970ರ ದಶಕದ ಆರಂಭದಲ್ಲಿ ವ್ಯಾನ್ ಗೋ ಮೇಲೆ ಪ್ರೀತಿಯಿದ್ದ ಒಬ್ಬ ಪೋಸ್ಟ್‌ಮ್ಯಾನ್ ಹಳೆಯ ದಾಖಲೆ ಜಾಲಾಡಿ ಪತ್ತೆ ಹಚ್ಚಿದ. ವಿಳಾಸ ಹುಡುಕುವುದು ಅವನ ಕಸುಬೇ ತಾನೆ! ಈಚೆಗೆ ಆ ಮನೆಯನ್ನು ದುರಸ್ತಿ ಮಾಡಿ, ಬೇರೆ ದೇಶಗಳ ಕಲಾವಿದರು ಬಂದು ಕೆಲ ಕಾಲ ಇದ್ದು ಕೆಲಸ ಮಾಡಲು ಅವಕಾಶ ಕೊಡುತ್ತಿದ್ದಾರೆ. ಗೋಡೆಗೆ ಫಲಕ ಇದೆ, ರೂಮಿನಲ್ಲಿ ಹೊಸ ಒಕ್ಕಲು ಇದೆ. ನಾನು ಕೇಳುತ್ತಿರುವುದೂ ಇದನ್ನೇ.

ನಮ್ಮ ಕಡೆಗೆ ಬಂದರೆ ತಾತಗುಣಿಯ ನೆನಪಾಗದೆ ಇರದು. 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಸ್ವೆಟೊಸ್ಲಾವ್ ರೋರಿಕ್, ಚಿತ್ರಕಾರ ತಂದೆ ನಿಕೊಲಾಯ್ ಅವರೊಂದಿಗೆ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದವರು. 1945ರಲ್ಲಿ ಚಿತ್ರನಟಿ ದೇವಿಕಾರಾಣಿಯವರನ್ನು ಮದುವೆಯಾದರು. ಆಮೇಲೆ ದಂಪತಿ ಬಾಳಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. 450ಕ್ಕೂ ಹೆಚ್ಚು ಎಕರೆ ಜಮೀನು, ಅದರ ತುಂಬ ಸುಗಂಧ ತೈಲ ತೆಗೆಯುವ ಲಿನಲೋ ಮರಗಳು. ಸ್ವೆಟೊಸ್ಲಾವ್ 1993ರ ಜನವರಿಯಲ್ಲಿ ತೀರಿಕೊಂಡರು, ದೇವಿಕಾರಾಣಿ 1994ರ ಮಾರ್ಚಿನಲ್ಲಿ. ಮಕ್ಕಳಿರಲಿಲ್ಲ. ಜಮೀನಿನ ಮೇಲೆ ಹಕ್ಕು ಸಾಧಿಸಲು ಖಾಸಗಿಯವರು ಮುಂದೆ ಬಂದರು. 1996ರಲ್ಲಿ ಕರ್ನಾಟಕ ಸರ್ಕಾರ ಅದಕ್ಕೆಂದೇ ಒಂದು ಕಾಯ್ದೆ ಮಾಡಿ ಎಸ್ಟೇಟನ್ನು ವಶಕ್ಕೆ ತೆಗೆದುಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಗಿ 2011ರ ಆಗಸ್ಟಿನಲ್ಲಿ ಸರ್ಕಾರದ ಪರ ತೀರ್ಮಾನವಾಯಿತು. ಆಸ್ತಿಯ ಹಕ್ಕು ಎಂದರೇನು ಎಂದು ತಿಳಿಯಲು ಕಾನೂನು ವಿದ್ಯಾರ್ಥಿಗಳು ಇಂದಿಗೂ ಆ ತೀರ್ಪನ್ನು ಓದುತ್ತಾರೆ.

ಅರಣ್ಯದಂಥ ಆ ಜಾಗ ಲೇಔಟ್ ಆಗದೆ ಉಳಿದದ್ದು ಪುಣ್ಯವೇ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಷ್ಟೂ ವರ್ಷ ಬೆಂಗಳೂರಿನ ಜನಕ್ಕೆ ರೋರಿಕ್ ಸಿಕ್ಕಿದ್ದು ಎಲ್ಲಿ? ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ. ತಂದೆ–ಮಗ ಇಬ್ಬರ ಚಿತ್ರಗಳೂ ಅಲ್ಲಿನ ಗ್ಯಾಲರಿಯಲ್ಲಿವೆ. ಅದೇ ಆವರಣದಲ್ಲಿ ಕಲಾ ಕಾಲೇಜು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, ಕೈಗೆ ಬಣ್ಣ ಮೆತ್ತಿಕೊಂಡ ಹುಡುಗ ಹುಡುಗಿಯರು ಒಳಗೆ ಹೋಗಿ ಹಿಮಾಲಯದ ನೀಲಿಯನ್ನು ಹತ್ತಿರದಿಂದ ನೋಡಿ ಬರಬಹುದು. ಎಸ್ಟೇಟಿನ ಗೇಟಿಗೆ ಬೀಗ ಬಿದ್ದಿದ್ದಾಗಲೂ ರೋರಿಕ್ ಈ ಊರಲ್ಲಿ ಬದುಕಿದ್ದರು. ಬದುಕಿದ್ದದ್ದು ತಾವು ಕೊಟ್ಟುಹೋದದ್ದರಲ್ಲಿ.

ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯ ವಿಷಯದಲ್ಲೂ ಹೀಗೇ ಒಂದು ಜಗಳ ಆಯಿತು. ಅವರು ಚಿತ್ರಕಾರರಲ್ಲ, ಕತೆಗಾರರು. ಆದರೆ ಹೊರಗಿಂದ ಬಂದವರೆಂಬ ಮಾತು ಅಲ್ಲಿಯೂ ಬಂತು. 2011ರಲ್ಲಿ ಮನೆ ಕೆಡವಲು ಕೈಹಾಕಿದಾಗ ಊರೆಲ್ಲ ಹೌಹಾರಿತು. ಕೆಲಸ ನಿಂತು, 2016ರಲ್ಲಿ ಅದು ಮ್ಯೂಸಿಯಂ ಆಯಿತು. ಮದ್ರಾಸಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬರೆದವರಿಗೆ ಸರ್ಕಾರದ ದುಡ್ಡಲ್ಲಿ ಸ್ಮಾರಕ ಏಕೆ ಎಂದು ಕೆಲವು ಕನ್ನಡ ಬರಹಗಾರರು ಕೇಳಿದರು. ನನಗೆ ಎರಡೂ ಕಡೆಯವರು ಒಂದು ಅಂಶವನ್ನು ದಾಟಿ ಹೋದಂತೆ ಕಂಡಿತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ, ‘ದಿ ಇಂಗ್ಲಿಷ್ ಟೀಚರ್’ 1945ರಲ್ಲಿ. ಯಾದವಗಿರಿಯ ಮನೆ ಕಟ್ಟಿಸಿದ್ದು ಆಮೇಲೆ. ‘ದಿ ಗೈಡ್’ ಬರೆದದ್ದೋ, ಹೆಚ್ಚಿನಂಶ ಅಮೆರಿಕದ ಬರ್ಕ್ಲಿಯ ಹೋಟೆಲ್ ರೂಮೊಂದರಲ್ಲಿ! ಮಾಲ್ಗುಡಿ ಮೈಸೂರಿಗೆ ದಕ್ಕಿದ್ದಕ್ಕೆ ಮೂಲ ಬೇರೆಯೇ ಇದೆ. ಮಹಾರಾಜಾ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಬೇಕಾದಾಗ ಮೈಸೂರು ಸಂಸ್ಥಾನ ಹೊರಗಿನಿಂದ ಬಂದ ಒಬ್ಬರಿಗೆ ಕೆಲಸ ಕೊಟ್ಟಿತು. ಅವರು ನಾರಾಯಣ್ ಅವರ ತಂದೆ. ಊರು ಅಂದು ತೋರಿದ ದೊಡ್ಡ ಮನಸ್ಸಿಗೆ ಎಲ್ಲಿ ಫಲಕ ಹಾಕೋಣ?

ಇಷ್ಟೆಲ್ಲ ತಲೆಯಲ್ಲಿ ಸುತ್ತಲು ಕಾರಣವಾದದ್ದು ಒಂದು ಸಣ್ಣ ಪ್ರಸಂಗ. ಕೆಲವು ವರ್ಷದ ಹಿಂದೆ ಉತ್ತರದ ಕಡೆಯಿಂದ ಒಬ್ಬ ಸಾರಂಗಿ ನುಡಿಸುವ ಹುಡುಗ ಬೆಂಗಳೂರಿಗೆ ಬಂದಿದ್ದ. ಕಥಕ್ ತರಗತಿಗಳಿಗೆ ಸಾಥ್ ಕೊಡುವ ಕೆಲಸ. ಪರಿಚಯದವರು ಹೇಳಿದ್ದರಿಂದ ಅವನಿಗೆ ಮನೆ ಹುಡುಕಲು ನಾನು ಜೊತೆಗೆ ಹೋಗಿದ್ದೆ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ‘ಟು ಲೆಟ್’ ಬೋರ್ಡ್ ಕಂಡು ಒಳಗೆ ಹೋದೆವು. ಹಾಲ್‌ನಲ್ಲಿ ಮಲ್ಲಿಕಾರ್ಜುನ ಮನಸೂರರ ದೊಡ್ಡ ಫೋಟೋ, ಅದಕ್ಕೆ ಗಂಧದ ಹಾರ. ನನಗೆ ಖುಷಿಯಾಯಿತು. ಕಾಫಿಯೂ ಬಂತು. ಹುಡುಗನ ಕೈಲಿದ್ದ ಬಟ್ಟೆಯ ಚೀಲದ ಕಡೆ ನೋಡಿ ಯಜಮಾನರು ಕೇಳಿದರು.

‘ಅದೇನು ಸಾರ್, ವಾದ್ಯಾನಾ?’

‘ಸಾರಂಗಿ. ತುಂಬ ಚೆನ್ನಾಗಿ ನುಡಿಸ್ತಾನೆ. ಬಾಡಿಗೆ ಒಂದನೇ ತಾರೀಕೇ ಕೊಡ್ತಾನೆ, ನಾನು ಜವಾಬ್ದಾರಿ.’

‘ದುಡ್ಡಿನ ಮಾತಲ್ಲ ಸಾರ್. ನಮಗೂ ಸಂಗೀತ ಅಂದ್ರೆ ಪ್ರಾಣ. ಆದ್ರೆ ದಿನಾ ಬೆಳಿಗ್ಗೆ ಎದ್ದು ಪ್ರಾಕ್ಟೀಸ್ ಅಂತ ಕೂತ್ರೆ ನಮ್ಮನೆಯವರಿಗೆ ತಲೆನೋವು. ಮೇಲಾಗಿ ಹುಡುಗ ಯಾವೂರೋ ಏನೋ, ಊಟ ತಿಂಡಿ ಹೆಂಗೋ...’

ಹತ್ತು ತಿಂಗಳ ಅಡ್ವಾನ್ಸ್ ವಿಷಯಕ್ಕೆ ಮಾತು ಹೋಗಲೇ ಇಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹುಡುಗ ನಗುತ್ತ ಫೋಟೋದಲ್ಲಿದ್ದವರು ಯಾರು ಎಂದು ಕೇಳಿದ. ಹೇಳಿದೆ. ಅವರ ಹಾಡುಗಾರಿಕೆ ಅವನಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಆ ಯಜಮಾನರನ್ನು ನಾನು ಜರಿಯುತ್ತಿಲ್ಲ. ಬೆಳಗಿನ ಐದು ಗಂಟೆಯ ಪಲ್ಟಾಗಳನ್ನು ಗೋಡೆಯಾಚೆಯಿಂದ ದಿನವೂ ಕೇಳುವುದು ಕಷ್ಟವೇ. ಆದರೆ ಹ್ಯಾಂಡೆಲ್‌ಗೆ, ಹೆಂಡ್ರಿಕ್ಸ್‌ಗೆ, ಡ್ವೊರ್ಜಾಕನಿಗೆ ಬಾಡಿಗೆಗೆ ಕೊಟ್ಟವರಿಗೂ ಆ ಕಷ್ಟ ಇದ್ದಿರಬೇಕು. ಅವರು ಹೂಂ ಅಂದರು, ಸಂಗೀತ ಮುಂದುವರಿಯಿತು. ಫೋಟೋಗೆ ಹಾರ ಹಾಕುವುದು, ಗೋಡೆಗೆ ಫಲಕ ಹೊಡೆಯುವುದು, ಮನೆಯನ್ನು ಮ್ಯೂಸಿಯಂ ಮಾಡುವುದು, ಇವೆಲ್ಲ ಸಂಗೀತಗಾರ ಸುಮ್ಮನಾದ ಮೇಲೆ ಮಾಡುವ ಕೆಲಸ. ಅಷ್ಟು ಹೊತ್ತಿಗೆ ಯಾರಿಗೂ ತಲೆನೋವು ಇರುವುದಿಲ್ಲ.

ಹಾಗಾಗಿ ವಿನಯದಿಂದ ಒಂದು ಸಲಹೆ. ವಲಸೆ ಬಂದ ಕಲಾವಿದನ ಮನೆ ಕಂಡರೆ ಮೊದಲು ಫಲಕ ಹಾಕೋಣ. ಅದು ಅಗ್ಗ, ಹೆಂಡ್ರಿಕ್ಸ್‌ನಂಥವರಿಗೆ ದಾರಿ ತೋರಿಸಲು ಸಾಕು. ಮನೆಯನ್ನು ಕೊಳ್ಳಲೇಬೇಕೆಂದಾದರೆ, ಗಾಜಿನ ಪೆಟ್ಟಿಗೆಗೆ ಎರಡು ಕೋಣೆ ಕೊಟ್ಟು ಮೂರನೆಯದನ್ನು ಹೊಸದಾಗಿ ಊರಿಗೆ ಬಂದ ಯಾರಾದರೊಬ್ಬ ವಾದಕನಿಗೋ ಚಿತ್ರಕಾರನಿಗೋ ಕಡಿಮೆ ಬಾಡಿಗೆಗೆ ಬಿಡೋಣ. ಪ್ರವಾಸಿಗಳು ಬಂದಾಗ ಒಳಗಿನಿಂದ ಅಪಸ್ವರ ಕೇಳಿಸಿದರೂ ಪರವಾಗಿಲ್ಲ. ಹ್ಯಾಂಡೆಲ್‌ನ ಮನೆಯಲ್ಲೂ ತಾಲೀಮಿನ ದಿನ ಕೇಳಿಸಿದ್ದು ಅದೇ.

ಆ ಹುಡುಗನಿಗೆ ಕೊನೆಗೆ ರೂಮು ಸಿಕ್ಕಿತು. ಊರಂಚಿನ ಒಂದು ಹಿಟ್ಟಿನ ಗಿರಣಿಯ ಮೇಲೆ, ಶೀಟಿನ ಮಾಡು. ಗಿರಣಿಯ ಯಜಮಾನ ಚೀಲ ನೋಡಿ ‘ಏನಾದ್ರೂ ಬಾರ್ಸ್ಕೊ ಹೋಗಪ್ಪ, ನಮ್ ಮಿಷನ್ ಸದ್ದಿನ ಮುಂದೆ ಯಾವ್ದೂ ಕೇಳ್ಸಲ್ಲ’ ಎಂದನಂತೆ. ರಾತ್ರಿ ಎಂಟಕ್ಕೆ ಗಿರಣಿ ನಿಂತ ಮೇಲೆ ಅವನು ಸಾರಂಗಿ ಎತ್ತಿಕೊಳ್ಳುತ್ತಿದ್ದ. ಒಮ್ಮೆ ಹೋಗಿದ್ದಾಗ ನೋಡಿದೆ. ಯಜಮಾನ ಹಿಟ್ಟು ಮೆತ್ತಿದ ಬನಿಯನ್ನಿನಲ್ಲೇ ಕೆಳಗೆ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅಷ್ಟು ಹೊತ್ತಾದರೂ ಷಟರ್ ಎಳೆದಿರಲಿಲ್ಲ. ಮುಂದೊಂದು ದಿನ ಆ ಗೋಡೆಗೆ ಯಾರಾದರೂ ನೀಲಿ ಫಲಕ ಹಾಕಿದರೆ, ಸಾರಂಗಿಯವನ ಹೆಸರಿನ ಕೆಳಗೆ ಗಿರಣಿಯವನ ಹೆಸರನ್ನೂ ಬರೆಸಬೇಕು.